ಹಿಂದಿನ ಸೀಟಿನ ಐದು ದಿನ

ಹೊರಡುವ ಮುಂಚಿನ ರಾತ್ರಿ

ಹೋದ ಸಲ ಮಕ್ಕಳನ್ನು ಕಾರಿನಲ್ಲಿ ದೂರ ಕರೆದುಕೊಂಡು ಹೋದಾಗ ದೊಡ್ಡ ಚೀಲದ ತುಂಬ ಆಟದ ಸಾಮಾನು ತುಂಬಿಕೊಂಡಿದ್ದೆವು. ಮೂರೇ ಗಂಟೆಯಲ್ಲಿ ಚೀಲ ಖಾಲಿ. ಸಾಮಾನೆಲ್ಲ ಸೀಟಿನ ಕೆಳಗೆ. ಮಗ ಅತ್ತು ಅತ್ತು ಸುಸ್ತಾಗಿದ್ದ. ಮಗಳು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಎಷ್ಟೋ ದಿನ ಅದನ್ನೇ ಯೋಚಿಸಿದೆ. ದೊಡ್ಡವರಿಗೆ ಮುಂದೆ ಸ್ಟೀರಿಂಗ್ ಇದೆ, ಮ್ಯಾಪ್ ಇದೆ, ಎಲ್ಲಿ ನಿಲ್ಲಿಸಬೇಕು ಅನ್ನುವ ಲೆಕ್ಕಾಚಾರ ಇದೆ. ಹಿಂದೆ ಕೂತ ಮಕ್ಕಳಿಗೆ ಬೆಲ್ಟ್ ಬಿಟ್ಟರೆ ಏನೂ ಇಲ್ಲ. ಎಲ್ಲಿದ್ದೇವೆ ಗೊತ್ತಿಲ್ಲ, ಇನ್ನೆಷ್ಟು ಹೊತ್ತು ಗೊತ್ತಿಲ್ಲ, ಮಾಡಲು ಕೆಲಸವೂ ಇಲ್ಲ. ಅಂಥ ಕಡೆ ಯಾರನ್ನು ಕೂರಿಸಿದರೂ ಬೇಜಾರಾಗುತ್ತದೆ, ಅಲ್ವಾ?

ಈ ಸಲ ಸಮುದ್ರ ನೋಡಲು ಹೊರಟಿದ್ದೆವು. ಹೋಗಲು 630 ಕಿಲೋಮೀಟರ್, ಬರಲು ಅಷ್ಟೇ. ಮಗಳಿಗೆ 8 ವರ್ಷ, ಮಗನಿಗೆ 4. ಮನೆಯಲ್ಲಿ ಅವನಿಗೆ ಪುಟ್ಟ ಅಂತಲೇ ಹೆಸರು. ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿ ಅದರ ಮೇಲೆ 42 ಚೌಕ ಬರೆದೆ. ಒಂದು ಚೌಕಕ್ಕೆ 30 ಕಿಲೋಮೀಟರ್. ಒಂದು ತುದಿಗೆ ನಮ್ಮ ಮನೆ, ಇನ್ನೊಂದು ತುದಿಗೂ ನಮ್ಮ ಮನೆ, ಸರಿಯಾಗಿ ನಡುವೆ ಸಮುದ್ರ. ಚಿತ್ರ ಮಗಳೇ ಬಿಡಿಸಿದಳು. ಮುಂದಿನ ಸೀಟಿನ ಬೆನ್ನಿಗೆ ಪಟ್ಟಿಯನ್ನು ಟೇಪ್ ಹಾಕಿ ಅಂಟಿಸಿ, ಸ್ಟಿಕರ್ ಹಾಳೆಯನ್ನು ಪುಟ್ಟನ ಕೈಗೆ ಕೊಟ್ಟೆ. 30 ಕಿಲೋಮೀಟರ್ ಆಯಿತು ಅಂತ ನೋಡಿ ಹೇಳುವುದು ಅಕ್ಕನ ಕೆಲಸ. ಅಂಟಿಸುವುದು ತಮ್ಮನ ಕೆಲಸ.

ಇನ್ನೊಂದು ತಯಾರಿ ಇವರು ಮಾಡಿದ್ದು. ನಮ್ಮತ್ತೆಗೆ ಕಾರಿನಲ್ಲಿ ಅಷ್ಟು ದೂರ ಕೂರುವುದಕ್ಕೆ ಆಗುವುದಿಲ್ಲ. ಅವರ ಕತೆ ಇಲ್ಲದೆ ಪುಟ್ಟನಿಗೆ ನಿದ್ದೆ ಬರುವುದಿಲ್ಲ. ಅದಕ್ಕೆ ಇವರು ವಾರವಿಡೀ ಸಂಜೆ ಹೊತ್ತು ಅವರ ಎದುರು ಫೋನ್ ಇಟ್ಟು ಆರು ಕತೆ ರೆಕಾರ್ಡ್ ಮಾಡಿಕೊಂಡರು. ನಡುವೆ ಕೆಮ್ಮು, ಹೊರಗೆ ಯಾರದೋ ಕೂಗು, ಕನ್ನಡಕ ಹುಡುಕುವ ಸದ್ದು, ಎಲ್ಲವೂ ಅದರಲ್ಲಿ ಇತ್ತು. ಏನನ್ನೂ ಅಳಿಸಲಿಲ್ಲ.

ಮಲಗುವ ಮುಂಚೆ ಪುಟ್ಟನ ಸೀಟಿನ ಪಟ್ಟಿಗಳನ್ನು ಎಳೆದು ನೋಡಿದೆ. ಮಗಳಿಗೆ ಬೂಸ್ಟರ್ ಸೀಟು, ಅಂದರೆ ಮಗುವನ್ನು ಸ್ವಲ್ಪ ಎತ್ತರಕ್ಕೆ ಕೂರಿಸುವ ಸೀಟು. ಎತ್ತರ ಸುಮಾರು 145 ಸೆಂಟಿಮೀಟರ್ ಆಗುವವರೆಗೂ ಅದು ಬೇಕು. ಇಲ್ಲದಿದ್ದರೆ ಬೆಲ್ಟ್ ಭುಜದ ಮೇಲೆ ಬರುವ ಬದಲು ಕುತ್ತಿಗೆಗೆ ತಾಗುತ್ತದೆ. ಕುತ್ತಿಗೆ ಉಜ್ಜುವ ಬೆಲ್ಟ್ ಹಾಕಿಕೊಂಡು ಐದು ಗಂಟೆ ಕೂರು ಅಂದರೆ ಯಾವ ಮಗು ತಾನೇ ಕೂರುತ್ತದೆ? ಎಷ್ಟೋ ಸಲ ಮಕ್ಕಳ ಹಟ ಅಂದುಕೊಳ್ಳುವುದು ಹೀಗೆ ಎಲ್ಲೋ ಒತ್ತುವ ಪಟ್ಟಿಯ ನೋವಾಗಿರುತ್ತದೆ.

ಮೊದಲ ದಿನ: 390 ಕಿಲೋಮೀಟರ್

ಬೆಳಗ್ಗೆ ಐದೂವರೆಗೆ ಹೊರಟೆವು. ಅರೆನಿದ್ದೆಯಲ್ಲಿದ್ದ ಪುಟ್ಟನನ್ನು ಎತ್ತಿಕೊಂಡು ಬಂದು ಕೂರಿಸಿದ್ದರಿಂದ ಮೊದಲ ಎರಡು ಚೌಕ ನಿದ್ದೆಯಲ್ಲೇ ಕಳೆದವು. ಎದ್ದ ಮೇಲೆ ಅವನಿಗೆ ಅದೇ ದುಃಖ. "ನಾನು ಅಂಟಿಸಬೇಕಿತ್ತು" ಅಂದ. ಎರಡೂ ಸ್ಟಿಕರ್ ಒಟ್ಟಿಗೆ ಅಂಟಿಸಿದ ಮೇಲೆ ಸಮಾಧಾನ ಆಯಿತು.

ಅವನು ಎದ್ದ ಮೇಲಿನ ಮೊದಲ ಗಂಟೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಎಲ್ಲರೂ ಸುಮ್ಮನೆ ಇದ್ದಾರೆ, ಹೀಗೇ ಇರಲಿ ಅಂತ ಟ್ಯಾಬ್ ಕೊಟ್ಟೆ. ಮಕ್ಕಳು ಚುರುಕಾಗಿರುವ ಹೊತ್ತು, ಹೊರಗೆ ನೋಡಲು ಬೇಕಾದಷ್ಟು ಇದ್ದ ಹೊತ್ತು. ಅದನ್ನು ಪರದೆಗೆ ಕೊಟ್ಟುಬಿಟ್ಟೆ. ಮುಕ್ಕಾಲು ಗಂಟೆಯಾದ ಮೇಲೆ ವಾಪಸ್ ತೆಗೆದುಕೊಂಡಾಗ ಇಬ್ಬರೂ ಸಿಡಿಮಿಡಿ. ಕಿಟಕಿಯ ಆಚೆ ಏನೂ ಇಲ್ಲವೇನೋ ಅನ್ನುವಂತೆ ಕೂತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆ ಕೊಟ್ಟಿದೆ. 2ರಿಂದ 4 ವರ್ಷದವರು ದಿನಕ್ಕೆ 1 ಗಂಟೆಗಿಂತ ಜಾಸ್ತಿ ಕೂತು ಪರದೆ ನೋಡಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅನ್ನುತ್ತದೆ. ಹಾಗಾದರೆ ಪುಟ್ಟನ ಪಾಲಿನ ಒಂದು ಗಂಟೆಯಲ್ಲಿ ಬಹುಪಾಲು ಬೆಳಗ್ಗೆ ಏಳೂವರೆಗೇ ಮುಗಿದಿತ್ತು. ಇನ್ನು ಉಳಿದ ದಿನ?

ಅದೇ ಸಲಹೆಯಲ್ಲಿ ಇನ್ನೊಂದು ಮಾತಿದೆ. ಪುಟ್ಟ ಮಕ್ಕಳನ್ನು ಒಂದೇ ಸಮನೆ 1 ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದು ಅಂತ. ದೊಡ್ಡವರಿಗಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿದರೆ ಸಾಕು. ನಾವು ಪುಟ್ಟನ ಲೆಕ್ಕಕ್ಕೆ ಬಂದೆವು. ಎರಡು ಚೌಕ, ಒಂದು ನಿಲುಗಡೆ. ಅಂದರೆ ತಲುಪುವುದು ಮೂರು ಗಂಟೆ ತಡ. ಇವರಿಗೆ ಮೊದಲು ಅದು ಹಿಡಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರೇ "ಎರಡು ಚೌಕ ಆಯ್ತಲ್ಲ, ನಿಲ್ಲಿಸಲಾ?" ಅಂತ ಕೇಳತೊಡಗಿದರು.

ನಿಲ್ಲಿಸಿದ ಕಡೆ ಮೊದಲು ಓಟ, ಆಮೇಲೆ ತಿಂಡಿ. ಇದನ್ನು ನಾನು ಗಟ್ಟಿಯಾಗಿ ಹಿಡಿದೆ. ಮೊದಲು ತಿನ್ನಲು ಕೊಟ್ಟರೆ ಹದಿನೈದು ನಿಮಿಷ ಅದರಲ್ಲೇ ಮುಗಿಯುತ್ತದೆ. ಕಾಲು ಆಡಿಸದೇ ಮತ್ತೆ ಹತ್ತಿ ಕೂರಬೇಕಾಗುತ್ತದೆ. ರಸ್ತೆಯಿಂದ ದೂರ, ಬಯಲಿನಂಥ ಜಾಗ ನೋಡಿಕೊಂಡು ಆ ಮರದ ತನಕ ಕಪ್ಪೆಯ ಹಾಗೆ ಕುಪ್ಪಳಿಸುವುದು, ಬರುವಾಗ ಏಡಿಯ ಹಾಗೆ ಪಕ್ಕಕ್ಕೆ ನಡೆಯುವುದು. ನಾನೂ ಕುಪ್ಪಳಿಸಿದೆ. ಮೊಣಕಾಲಿಗೂ ಒಳ್ಳೆಯದೇ ಆಯಿತು. ಓಡುವ ಕಾರಿನಲ್ಲಿ ದ್ರಾಕ್ಷಿ, ಕಡಲೆಬೀಜ, ಗಟ್ಟಿ ಮಿಠಾಯಿ ಕೊಡುವುದಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡರೆ ಮುಂದೆ ಕೂತವರಿಗೆ ಗೊತ್ತಾಗುವುದು ತಡ.

ಹತ್ತು ಗಂಟೆಯಿಂದ ಆಟ ಶುರು. ಪದದ ಸರಪಳಿ ಆಡಿದೆವು. ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಹೇಳಬೇಕು. ಮರ, ರಸ್ತೆ, ತಲೆ, ಲೆಕ್ಕ, ಕಾಗೆ, ಗೆಳತಿ, ತಿರುವು ಅಂತ ಚೆನ್ನಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಮಗಳು "ಮಳೆ" ಅಂದಳು. ಎಲ್ಲರೂ ಸುಮ್ಮನಾದೆವು. ಕನ್ನಡದಲ್ಲಿ "ಳ"ದಿಂದ ಶುರುವಾಗುವ ಪದವೇ ಇಲ್ಲವಲ್ಲ! ಸ್ವಲ್ಪ ಹೊತ್ತಿಗೆ "ಹಣ್ಣು" ಬಂತು. "ಣ"ದ ಕತೆಯೂ ಅದೇ. ಎಂಟು ವರ್ಷದವಳಿಗೆ ಇದು ದೊಡ್ಡ ಸಂಶೋಧನೆ. ಅರ್ಧ ಗಂಟೆ ಅವಳು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಅವಳೇ ಕಾನೂನು ಮಾಡಿದಳು. "ಳ ಬಂದರೆ ಲ, ಣ ಬಂದರೆ ನ." ಆಟದ ಕಾನೂನು ಮಕ್ಕಳೇ ಮಾಡಿದರೆ ಆಟ ಎರಡು ಪಟ್ಟು ಬಾಳುತ್ತದೆ. ಪುಟ್ಟನಿಗೆ ಇನ್ನೂ ಅಕ್ಷರ ಬರುವುದಿಲ್ಲ. ಅವನಿಗೆ ಕಿವಿಗೆ ಕೇಳಿದ ಶಬ್ದವೇ ಸಾಕಾಯಿತು. "ಲೆ, ಲೆ, ಲೆ" ಅಂತ ಹಾಡುತ್ತಾ "ಲೋಟ" ಅಂದ. ಒಪ್ಪಿಕೊಂಡೆವು.

ಮಧ್ಯಾಹ್ನ ನಂಬರ್ ಪ್ಲೇಟ್ ಲೆಕ್ಕ. ಮುಂದೆ ಹೋಗುವ ಗಾಡಿಯ ಅಂಕಿಗಳನ್ನೆಲ್ಲ ಕೂಡಿ, ಮತ್ತೆ ಕೂಡಿ, ಒಂದೇ ಅಂಕಿ ಉಳಿಯುವವರೆಗೂ ಕೂಡುವುದು. 7294 ಬಂದರೆ 22, ಆಮೇಲೆ 4. ಇವರು ಕೂಡದೆಯೇ ಥಟ್ಟನೆ "ನಾಲ್ಕು" ಅನ್ನುತ್ತಿದ್ದರು. "ಅಪ್ಪ ಹೇಗೆ?" ಅಂತ ಮಗಳು ದುಂಬಾಲು ಬಿದ್ದಳು. ಗುಟ್ಟು ಇಷ್ಟೇ. 9 ಕಂಡರೆ ಬಿಟ್ಟುಬಿಡು, ಕೂಡಿದರೆ 9 ಆಗುವ ಜೋಡಿ ಕಂಡರೂ ಬಿಟ್ಟುಬಿಡು. 7294ರಲ್ಲಿ 9 ಹೋಯಿತು, 7 ಮತ್ತು 2 ಹೋಯಿತು, ಉಳಿದದ್ದು 4. ಆದರೆ ಗುಟ್ಟನ್ನು ತಕ್ಷಣ ಬಿಟ್ಟುಕೊಡಲಿಲ್ಲ. 50 ಕಿಲೋಮೀಟರ್ ಆದ ಮೇಲೆ ಹೇಳಿದರು. ಆ ಕಾಯುವಿಕೆಯೇ ಒಂದು ಆಟವಾಯಿತು.

ನಾಲ್ಕು ಗಂಟೆ ಹೊತ್ತಿಗೆ ಜಗಳ. ಪುಟ್ಟನ ಕಾಲು ಅಕ್ಕನ ಪುಸ್ತಕಕ್ಕೆ ತಾಗಿತು, ಅವಳು ತಳ್ಳಿದಳು, ಅವನು ಕಿರುಚಿದ. ಇವರು ಗಾಡಿ ಓಡಿಸುತ್ತಲೇ ಹಿಂದಕ್ಕೆ ತಿರುಗಿ ಗದರಿಸಿದರು. ನನ್ನ ಎದೆ ಧಸಕ್ಕೆಂದಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಹಿಂದೆ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ. ಆವತ್ತು ಸಂಜೆ ಇಬ್ಬರೂ ಒಂದು ಮಾತಿಗೆ ಬಂದೆವು. ಓಡಿಸುವವರು ಹಿಂದಿನ ಸೀಟಿಗೆ ಕಿವಿಯನ್ನೂ ಕೊಡುವುದು ಬೇಡ. ಜಗಳ ಜೋರಾದರೆ ಪಕ್ಕಕ್ಕೆ ನಿಲ್ಲಿಸುವುದು. ಓಡಿಸದೇ ಇರುವವರು ಮುಂದೆ ಕೂರುವ ಬದಲು ಹಿಂದೆ, ಮಕ್ಕಳಿಬ್ಬರ ನಡುವೆ ಕೂರುವುದು. ಜಾಗ ಇಕ್ಕಟ್ಟು, ಸೊಂಟ ಹಿಡಿಯುತ್ತದೆ. ಆದರೂ ಉಳಿದ ದಾರಿಯುದ್ದಕ್ಕೂ ನಮ್ಮನ್ನು ಕಾಪಾಡಿದ್ದು ಅದೇ.

ಕತ್ತಲಾಗುತ್ತಿದ್ದಂತೆ ಚಂದ್ರ ಬಂದ. "ಅಮ್ಮ, ಅವನು ನಮ್ಮ ಜೊತೆ ಬರ್ತಿದಾನೆ" ಅಂದ ಪುಟ್ಟ. ಮರಗಳು ಹಿಂದೆ ಓಡುತ್ತವೆ, ಮನೆಗಳು ಹಿಂದೆ ಓಡುತ್ತವೆ, ಚಂದ್ರ ಮಾತ್ರ ಬಿಡುವುದಿಲ್ಲ. ಯಾಕೆ ಅಂತ ಮಗಳನ್ನೇ ಕೇಳಿದೆ. ಹತ್ತಿರದ ಕಂಬ ನೋಡು, ದೂರದ ಗುಡ್ಡ ನೋಡು, ಯಾವುದು ಬೇಗ ಓಡುತ್ತದೆ? ಕಂಬ. ಗುಡ್ಡ ನಿಧಾನ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ನಾವು ಒಂದು ಚೌಕ ಮುಂದೆ ಹೋದರೂ ಅವನ ಲೆಕ್ಕಕ್ಕೆ ಅಲ್ಲೇ ಇದ್ದೇವೆ. ಅವಳು ತುಂಬ ಹೊತ್ತು ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದಳು. ಪುಟ್ಟನಿಗೆ ಈ ವಿವರ ಬೇಕಿರಲಿಲ್ಲ. ಜೊತೆಗೆ ಬರುತ್ತಿದ್ದಾನೆ, ಅಷ್ಟು ಸಾಕಿತ್ತು.

ಕೊನೆಯ ಅರ್ಧ ಗಂಟೆಗೆ ಅಜ್ಜಿಯ ಕತೆ ಹಾಕಿದೆವು. ಅಜ್ಜಿ ನಡುವೆ ಕೆಮ್ಮಿ ನಿಲ್ಲಿಸಿದಾಗ ಪುಟ್ಟ ಸ್ಪೀಕರಿಗೆ "ಆಮೇಲೆ?" ಅಂತ ಕೇಳಿದ. ಅಜ್ಜಿ ಕತೆ ಮುಂದುವರಿಸಿದರು. ಅವರು ತನಗೇ ಉತ್ತರ ಕೊಟ್ಟರು ಅಂದುಕೊಂಡ ಅವನ ಮುಖ ನೋಡಬೇಕಿತ್ತು. 13ನೇ ಸ್ಟಿಕರ್ ಅಂಟಿಸುವಾಗ ಅವನ ಕಣ್ಣು ಅರ್ಧ ಮುಚ್ಚಿತ್ತು.

ಎರಡನೇ ದಿನ: 240 ಕಿಲೋಮೀಟರ್

ದೂರ ಕಡಿಮೆ, ಆದರೆ ಬೆಟ್ಟದ ದಾರಿ. ಒಂದು ಕಡೆ ತಿರುಗಿ ಮುಗಿಯುವ ಮುಂಚೆ ಇನ್ನೊಂದು ತಿರುವು.

ಎಂಟನೇ ತಿರುವೋ ಒಂಬತ್ತನೆಯದೋ, ಮಗಳು ಮಾತು ನಿಲ್ಲಿಸಿದಳು. ಸದಾ ಮಾತಾಡುವ ಮಗು ಸುಮ್ಮನಾದರೆ ಕೂಡಲೇ ತಿರುಗಿ ನೋಡಬೇಕು. ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರು. ತೊಡೆಯ ಮೇಲೆ ಚಿತ್ರದ ಪುಸ್ತಕ ತೆರೆದೇ ಇತ್ತು. ತಪ್ಪು ನನ್ನದು. ಬೆಟ್ಟದ ದಾರಿಯಲ್ಲಿ ಪುಸ್ತಕ ಕೊಡಲೇಬಾರದಿತ್ತು. ಒಳಕಿವಿ "ಅಲುಗಾಡುತ್ತಿದ್ದೇವೆ" ಅನ್ನುತ್ತದೆ. ಪುಸ್ತಕ ನೋಡುವ ಕಣ್ಣು "ಇಲ್ಲ, ಎಲ್ಲ ಅಲ್ಲೇ ಇದೆ" ಅನ್ನುತ್ತದೆ. ಎರಡಕ್ಕೂ ತಾಳೆಯಾಗದೇ ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. 2 ವರ್ಷದೊಳಗಿನ ಕೂಸುಗಳಿಗೆ ಅಪರೂಪ.

ಗಾಡಿ ನಿಲ್ಲಿಸುವಷ್ಟರಲ್ಲಿ ವಾಂತಿಯಾಯಿತು. ಕವರ್, ಒದ್ದೆ ಬಟ್ಟೆ, ಬದಲಿ ಅಂಗಿ ಕೈಗೆ ಸಿಗುವ ಹಾಗೆ ಇಟ್ಟಿದ್ದು ಒಳ್ಳೆಯದಾಯಿತು. ಅವಳಿಗೆ ಅಳು. ಸೀಟು ಹಾಳಾಯಿತು, ಅಪ್ಪ ಬೈಯುತ್ತಾರೆ ಅಂತ. ಇವರು ಏನೂ ಹೇಳದೆ ಬಾಟಲಿಯ ನೀರು ಹಾಕಿ ಸೀಟು ಒರೆಸಿದರು. ಆಮೇಲೆ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದೂರದ ಬೆಟ್ಟದ ಸಾಲು ತೋರಿಸಿದರು. "ಅಲ್ಲಿ ನೋಡ್ತಿರು, ಎಲ್ಲ ನಿಂತು ಹೋಗುತ್ತೆ" ಅಂದರು. ಗಾಳಿ ಕುಡಿದು, ಎರಡು ಗುಟುಕು ನೀರು ಕುಡಿದು ಹತ್ತು ನಿಮಿಷದಲ್ಲಿ ಸರಿಹೋದಳು.

ಮತ್ತೆ ಹೊರಟಾಗ ಅವಳನ್ನು ಹಿಂದಿನ ಸೀಟಿನ ನಡುವೆ ಕೂರಿಸಿದೆವು. ಅಲ್ಲಿಂದ ಮುಂದಿನ ಗಾಜಿನ ಮೂಲಕ ರಸ್ತೆ ಕಾಣುತ್ತದೆ. ತಿರುವು ಬರುವುದು ಮೊದಲೇ ಗೊತ್ತಾದರೆ ಮೈ ತಯಾರಾಗುತ್ತದೆ. ಓಡಿಸುವವರಿಗೆ ವಾಂತಿ ಬರದೇ ಇರುವುದೂ ಅದಕ್ಕೇ. ಅಷ್ಟಕ್ಕೇ ಬಿಡದೆ ಅವಳಿಗೆ ಒಂದು ಕೆಲಸವನ್ನೂ ಕೊಟ್ಟೆ. ಪ್ರತಿ ತಿರುವಿಗೂ ಮುಂಚೆ "ಎಡ" ಅಥವಾ "ಬಲ" ಅಂತ ಕೂಗಿ ಹೇಳಬೇಕು. ನಾವೆಲ್ಲ ಆ ಕಡೆಗೆ ವಾಲಬೇಕು. "ಎಡಾ!" ಅಂದರೆ ಪುಟ್ಟ ಸೀಟಿನ ಪಟ್ಟಿಯೊಳಗೇ ಎಡಕ್ಕೆ ಬಾಗುತ್ತಿದ್ದ. ಮುಂದಿನ ಒಂದೂವರೆ ಗಂಟೆ ಅವಳಿಗೆ ಹೊಟ್ಟೆಯ ನೆನಪೇ ಬರಲಿಲ್ಲ.

ಮೇಲೆ ಏರಿದಂತೆ ಇನ್ನೊಂದು ಚಂದ ಕಂಡಿತು. ತೆರೆಯದ ಚಿಪ್ಸ್ ಪೊಟ್ಟಣ ದಿಂಬಿನ ಹಾಗೆ ಉಬ್ಬಿತ್ತು. ಬೆಳಗ್ಗೆ ಚಪ್ಪಟೆಯಾಗಿದ್ದ ಪೊಟ್ಟಣ! ಒಳಗಿನ ಗಾಳಿ ಅಷ್ಟೇ ಇದೆ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದೆ. 1000 ಮೀಟರ್ ಏರಿದರೆ ಆ ಒತ್ತಡ ನೂರಕ್ಕೆ ಹತ್ತು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಇವರು ಮೇಲೆ ನಿಲ್ಲಿಸಿದಾಗ ಖಾಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಪುಟ್ಟನ ಕೈಗೆ ಕೊಟ್ಟರು. "ಇದನ್ನು ತೆರೀಬಾರದು. ಕೆಳಗೆ ಹೋಗೋವರೆಗೂ ಕಾವಲು ನಿಂದು" ಅಂದರು. ಇಳಿಯುತ್ತಾ ಇಳಿಯುತ್ತಾ ಬಾಟಲಿ ತಾನಾಗಿಯೇ ಒಳಕ್ಕೆ ಮುದುಡಿಕೊಂಡಿತು. "ಟಕ್" ಅಂತ ಸದ್ದಾದಾಗಲೆಲ್ಲ ಪುಟ್ಟ ಬೆಚ್ಚಿ ನಗುತ್ತಿದ್ದ. ಎಲ್ಲರ ಕಿವಿಯೂ ಮುಚ್ಚಿಕೊಂಡ ಹಾಗಾಗಿತ್ತು. ಬಾಟಲಿಗೆ ಆಗಿದ್ದೇ ನಿಮ್ಮ ಕಿವಿಗೂ ಆಗಿರೋದು ಅಂದೆ. ಉಗುಳು ನುಂಗಿ, ಆಕಳಿಸಿ ಅಂದೆ. ಆಕಳಿಸುವ ನಾಟಕ ಮಾಡುತ್ತಾ ನಿಜವಾದ ಆಕಳಿಕೆಯೇ ಬಂದು ಪುಟ್ಟ ಮಲಗಿಬಿಟ್ಟ. ಬಾಟಲಿ ಎದೆಗೆ ಒತ್ತಿಕೊಂಡೇ ಇದ್ದ.

ಅವನು ಮಲಗಿದ ಈ ಹೊತ್ತನ್ನು ಮಗಳಿಗೆ ಅಂತಲೇ ಇಟ್ಟೆ. ಚಿಕ್ಕವನು ಎದ್ದಿರುವಾಗ ಎಲ್ಲ ಆಟವೂ ಅವನ ಮಟ್ಟಕ್ಕೆ ಇಳಿಯುತ್ತದೆ. ದೊಡ್ಡವಳಿಗೆ ಅದು ಎಷ್ಟು ಕಷ್ಟ ಅಂತ ನಾವು ಕೇಳುವುದೇ ಇಲ್ಲ. ಪಿಸುಮಾತಿನಲ್ಲಿ ಇಪ್ಪತ್ತು ಪ್ರಶ್ನೆ ಆಡಿದೆವು. ನಾನು ಮನಸ್ಸಿನಲ್ಲಿ ಒಂದು ವಸ್ತು ಇಟ್ಟುಕೊಳ್ಳುವುದು. ಅವಳು ಹೌದು, ಅಲ್ಲ ಅನ್ನುವ ಉತ್ತರ ಬರುವಂಥ ಪ್ರಶ್ನೆ ಕೇಳಿ ಕಂಡುಹಿಡಿಯುವುದು. ಮೊದಮೊದಲು "ಅದು ಚಮಚಾನಾ? ಅದು ಬೆಕ್ಕಾ?" ಅಂತ ಒಂದೊಂದಾಗಿ ಕೇಳಿ ಸೋತಳು. ಅರ್ಧ ಜಗತ್ತನ್ನು ಒಂದೇ ಏಟಿಗೆ ತೆಗೆದುಹಾಕುವಂಥ ಪ್ರಶ್ನೆ ಕೇಳು ಅಂದೆ. "ಅದಕ್ಕೆ ಜೀವ ಇದೆಯಾ?" ಅಂದಳು. ಸರಿಯಾಗಿ ಹಿಡಿದಳು. ಹಾಗೆ ಪ್ರತಿ ಸಲ ಅರ್ಧ ಅರ್ಧ ಮಾಡುತ್ತಾ ಹೋದರೆ 20 ಪ್ರಶ್ನೆಯಲ್ಲಿ 10,48,576 ವಸ್ತುಗಳಲ್ಲಿ ಒಂದನ್ನು ಆರಿಸಬಹುದು. ಎರಡನ್ನು ಎರಡರಿಂದ ಗುಣಿಸುತ್ತಾ ಅವಳೇ ಲೆಕ್ಕಕ್ಕೆ ಕೂತಳು. 1024ರವರೆಗೆ ಬಾಯಲ್ಲೇ ಹೋದಳು.

ಮಧ್ಯಾಹ್ನ ಜೋರು ಮಳೆ. ಪುಟ್ಟ ಸಿಡಿಲಿಗೆ ಹೆದರಿ ಎದ್ದ. ಮಿಂಚು ಕಂಡ ಕೂಡಲೇ ಎಣಿಸೋಣ ಅಂದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಎಣಿಸಿದರೆ ಸಿಡಿಲು 1 ಕಿಲೋಮೀಟರ್ ದೂರ. ಮೊದಲ ಸಲ ಆರು, ಆಮೇಲೆ ಒಂಬತ್ತು, ಆಮೇಲೆ ಹದಿನೈದು. "ಹೋಗ್ತಿದೆ, ಹೋಗ್ತಿದೆ!" ಅಂತ ಅವನೇ ಕೂಗಿದ. ಎಣಿಸುವ ಕೆಲಸ ಸಿಕ್ಕಿದ ಮೇಲೆ ಹೆದರಿಕೆಗೆ ಜಾಗ ಇರಲಿಲ್ಲ. ಆಮೇಲೆ ಕಿಟಕಿ ಗಾಜಿನ ಮೇಲೆ ಹನಿಗಳ ಓಟ. ಒಬ್ಬೊಬ್ಬರದು ಒಂದೊಂದು ಹನಿ. ಚಿಕ್ಕ ಹನಿ ಹೆದರುತ್ತಾ ಹರಿದು ಇನ್ನೊಂದಕ್ಕೆ ಸೇರಿದ ಕೂಡಲೇ ಜರ್ರೆಂದು ಓಡುತ್ತದೆ. ಇದಕ್ಕಿಂತ ಒಳ್ಳೆಯ ಆಟದ ಸಾಮಾನನ್ನು ಯಾವ ಚೀಲದಲ್ಲೂ ತರಲು ಆಗುತ್ತಿರಲಿಲ್ಲ.

ಸಂಜೆ 21ನೇ ಚೌಕ. ಸಮುದ್ರ.

ಮೂರನೇ ದಿನ

ಕಾರಿನ ಬೀಗವನ್ನೇ ತೆಗೆಯಲಿಲ್ಲ. ಮರಳು, ನೀರು, ನಿದ್ದೆ. ಹೋಗುವುದು ಬರುವುದರ ನಡುವೆ ಇಂಥ ಒಂದು ದಿನ ಬೇಕೇ ಬೇಕು.

ನಾಲ್ಕನೇ ದಿನ: 360 ಕಿಲೋಮೀಟರ್

ವಾಪಸ್ ಬರಲು ಬೆಟ್ಟ ಸುತ್ತಿಕೊಂಡು ಬರುವ ಬೇರೆ ದಾರಿ ಹಿಡಿದೆವು. ನೇರ ರಸ್ತೆ, ಬಯಲು, ಬಿಸಿಲು. ಹೋಗುವಾಗ ಎದುರಿಗೆ ಸಮುದ್ರದ ಆಸೆ ಇತ್ತು. ಬರುವಾಗ ಅದಿಲ್ಲ. ವಾಪಸ್ ಪ್ರಯಾಣಕ್ಕೆ ತಯಾರಿ ಜಾಸ್ತಿ ಬೇಕು ಅಂತ ಹೋದ ಸಲವೇ ಕಲಿತಿದ್ದೆವು. ಅದಕ್ಕೆ ಮೂರು ಚಿಕ್ಕ ಪೊಟ್ಟಣ ಬಚ್ಚಿಟ್ಟಿದ್ದೆ. ಒಂದರಲ್ಲಿ ಮೇಣದ ಬಳಪ ಮತ್ತು ಖಾಲಿ ಹಾಳೆ, ಒಂದರಲ್ಲಿ ಬೆರಳಿಗೆ ಹಾಕುವ ಬಟ್ಟೆ ಗೊಂಬೆಗಳು, ಒಂದರಲ್ಲಿ ಬಣ್ಣದ ನೂಲು. ಆರು ಚೌಕಕ್ಕೆ ಒಂದು ಪೊಟ್ಟಣ. ಎಲ್ಲವೂ ಮೆತ್ತಗಿನವು, ಹಗುರವಾದವು. ಬೆಳಗ್ಗೆ ಎದುರಿಗೆ ಹಸು ಬಂದು ಇವರು ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಿಂದಿನಿಂದ ಸ್ಟೀಲ್ ಬಾಟಲಿ ಹಾರಿ ಬಂದು ಡ್ಯಾಶ್‌ಬೋರ್ಡಿಗೆ ಬಡಿಯಿತು. ಯಾರಿಗೂ ತಾಗಲಿಲ್ಲ. ಕೂಡಲೇ ನಿಲ್ಲಿಸಿ ಗಟ್ಟಿ ಸಾಮಾನನ್ನೆಲ್ಲ ಡಿಕ್ಕಿಗೆ ಹಾಕಿದೆವು.

ಗಂಟೆಗೆ 60ರ ವೇಗದಲ್ಲಿ ಹೋಗುವಾಗ ಒಂದು ನಿಮಿಷದ ಆಟ ಆಡಿದೆವು. ಕಿಲೋಮೀಟರ್ ಕಲ್ಲು ದಾಟಿದ ಕೂಡಲೇ ಎಲ್ಲರೂ ಕಣ್ಣು ಮುಚ್ಚುವುದು, ಓಡಿಸುವ ಅಪ್ಪನನ್ನು ಬಿಟ್ಟು. ಒಂದು ನಿಮಿಷ ಆಯಿತು ಅನ್ನಿಸಿದಾಗ ಕೈ ಎತ್ತಿ ಕಣ್ಣು ಬಿಡುವುದು. ಈ ವೇಗದಲ್ಲಿ ನಿಮಿಷಕ್ಕೆ ಸರಿಯಾಗಿ 1 ಕಿಲೋಮೀಟರ್. ಮುಂದಿನ ಕಲ್ಲು ಪಕ್ಕದಲ್ಲೇ ಇದ್ದರೆ ಗೆದ್ದ ಹಾಗೆ. ಪುಟ್ಟನ ನಿಮಿಷ ಮೊದಲು ಹತ್ತು ಸೆಕೆಂಡಿಗೇ ಮುಗಿಯುತ್ತಿತ್ತು. ಅವನ ಆ ಕೈ ನೋಡಿ ನನಗೆ ಒಂದು ವಿಷಯ ಹೊಳೆಯಿತು. "ಇನ್ನು ಒಂದು ಗಂಟೆ" ಅಂತ ನಾವು ಹೇಳುವ ಮಾತು ಅವನಿಗೆ ಎಷ್ಟು ಉದ್ದ ಇರಬೇಕು! ಅವನು ಹತ್ತು ಹತ್ತು ಸಲ ಕೇಳುವುದರಲ್ಲಿ ತಪ್ಪೇನಿದೆ?

ಹನ್ನೆರಡು ಗಂಟೆ ಸುಮಾರಿಗೆ ಅವನೇ ಕೂಗಿದ. "ಅಮ್ಮ, ರಸ್ತೆ ಮೇಲೆ ನೀರು!" ಮುಂದೆ ಡಾಂಬರಿನ ಮೇಲೆ ನೀರು ಹೊಳೆಯುತ್ತಿತ್ತು. ಹತ್ತಿರ ಹೋದರೆ ಇಲ್ಲ. ಮತ್ತೆ ಮುಂದೆ ಇದೆ. "ಅಪ್ಪ, ಬೇಗ ಹೋಗಿ ಹಿಡೀರಿ" ಅಂತ ಇಬ್ಬರೂ ಕೂಗಿದರು. ಕಾದ ರಸ್ತೆಗೆ ತಾಗಿದ ಗಾಳಿ ಬಿಸಿ, ಅದರ ಮೇಲಿನದು ಅಷ್ಟು ಬಿಸಿ ಇಲ್ಲ. ಅಲ್ಲಿ ಬೆಳಕು ಬಾಗಿ ಮೇಲಿನ ಆಕಾಶವೇ ನೆಲದ ಮೇಲೆ ಕಾಣುತ್ತದೆ. ಇದಕ್ಕೆ ಏನಂತಾರೆ ಅಂತ ಮಗಳು ಕೇಳಿದಳು. ಬಿಸಿಲ್ಗುದುರೆ ಅಂದೆ.

ಕಾರಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. "ಬಿಸಿಲಿನ ಕುದುರೇನಾ?" ಅಂದ ಪುಟ್ಟ.

ಆ ಒಂದು ಪದ ನಮ್ಮನ್ನು ಮೂರು ಗಂಟೆ ಹೊತ್ತುಕೊಂಡು ಹೋಯಿತು. ಆ ಕುದುರೆ ಏನು ತಿನ್ನುತ್ತದೆ? ಬಿಸಿ ಬಿಸಿ ಗಾಳಿ. ರಾತ್ರಿ ಎಲ್ಲಿ ಮಲಗುತ್ತದೆ? ರಸ್ತೆಯ ಕೆಳಗೆ. ಮಳೆ ಬಂದರೆ? ಅಳುತ್ತದೆ. ಒಬ್ಬರು ಒಂದು ಮಾತು, ಇನ್ನೊಬ್ಬರು ಮುಂದಿನ ಮಾತು. ಇವರೂ ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ಒಂದೊಂದು ಮಾತು ಸೇರಿಸಿದರು. ಮಗಳು ನೂಲಿನಲ್ಲಿ ಕುದುರೆಗೆ ಲಗಾಮು ಹೆಣೆದಳು. ಎರಡನೇ ಪೊಟ್ಟಣ ತೆರೆಯುವ ಹೊತ್ತು ಮೀರಿತ್ತು, ಯಾರೂ ಕೇಳಲಿಲ್ಲ.

ಒಂದು ನಿಲುಗಡೆಯಲ್ಲಿ ಪುಟ್ಟ ಮಲಗಿದ್ದ. "ಎರಡೇ ನಿಮಿಷ, ಅವನು ಇಲ್ಲೇ ಮಲಗಿರಲಿ" ಅಂತ ಅನ್ನಿಸಿತು. ಆದರೂ ಎತ್ತಿಕೊಂಡೇ ಇಳಿದೆ. ಬಿಸಿಲಿಗೆ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದ್ದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ನಿದ್ದೆ ಕೆಟ್ಟರೆ ಕೆಡಲಿ, ಮತ್ತೆ ಮಲಗಿಸಬಹುದು.

ಈ ಸಲ ಟ್ಯಾಬನ್ನು ಸಂಜೆ ಐದು ಗಂಟೆಗೆ ಕೊಟ್ಟೆ. ಎಲ್ಲರೂ ದಣಿದಿರುವ, ಕಿಟಕಿಯ ಆಚೆ ನೋಡಿ ನೋಡಿ ಸಾಕಾಗಿರುವ ಹೊತ್ತು. ರಸ್ತೆ ನೇರವಾಗಿತ್ತು, ಟ್ಯಾಬನ್ನು ಸೀಟಿನ ಬೆನ್ನಿಗೆ ಎತ್ತರದಲ್ಲಿ ಕಟ್ಟಿದ್ದೆವು. ತಲೆ ಬಗ್ಗಿಸುವ ಅಗತ್ಯ ಇಲ್ಲದ್ದರಿಂದ ಯಾರಿಗೂ ಹೊಟ್ಟೆ ತೊಳಸಲಿಲ್ಲ. ಅರ್ಧ ಗಂಟೆಯ ಕತೆ ಮುಗಿದ ಕೂಡಲೇ ಮಗಳೇ ಆರಿಸಿದಳು. ಅದೇ ಟ್ಯಾಬ್, ಅದೇ ಮಕ್ಕಳು. ಮೊದಲ ದಿನ ಬೆಳಗ್ಗೆ ಕೊಟ್ಟಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಪರದೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದಿನದ ಕೊನೆಗೆ ಉಳಿಸಿಕೊಳ್ಳಿ ಅಂತ ಮಾತ್ರ ಹೇಳುತ್ತೇನೆ.

ಐದನೇ ದಿನ: 270 ಕಿಲೋಮೀಟರ್

ಬೆಳಗ್ಗೆಯಿಂದ ಮಗಳಿಗೆ ಏನೂ ಬೇಡ. ಆಟ ಅಂದರೆ ಬೇಡ, ಕತೆ ಅಂದರೆ ಬೇಡ. ಕಿಟಕಿಗೆ ತಲೆ ಆನಿಸಿ ಸುಮ್ನೆ ಹೊರಗೆ ನೋಡುತ್ತಿದ್ದಳು. ಏನಾದರೂ ಮಾಡಿಸಬೇಕು ಅಂತ ನನ್ನ ಬಾಯಿ ತುದಿಗೆ ಬಂದಿತ್ತು. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿ ಬೇಡ ಅಂತ ತಲೆ ಆಡಿಸಿದರು. ಸರಿಯಾಗಿಯೇ ಹೇಳಿದರು. ನಾವೂ ಕಾರಿನಲ್ಲಿ ಹಾಗೆ ಗಂಟೆಗಟ್ಟಲೆ ಕೂರುತ್ತೇವಲ್ಲ, ಆ ಸುಖ ಅವಳಿಗೂ ಇರಲಿ. ಒಂದು ಗಂಟೆ ಆದ ಮೇಲೆ ಅವಳೇ ತಿರುಗಿ, "ಅಮ್ಮ, ಬಿಸಿಲ್ಗುದುರೆ ಕತೆ ಅಜ್ಜಿಗೆ ಕಳಿಸೋಣ" ಅಂದಳು.

ಫೋನನ್ನು ನಾನು ಹಿಡಿದುಕೊಂಡೆ. ಮಗಳು ಶುರು ಮಾಡಿದಳು. ಪುಟ್ಟ ನಡುನಡುವೆ ಕುದುರೆಯ ಸದ್ದು ಮಾಡಿದ. ಕುದುರೆಯನ್ನು ಹಿಡಿಯಲು ಒಬ್ಬ ಹುಡುಗ ಕಾರಿನಲ್ಲಿ ಹೊರಟ. ಅವನ ಅಕ್ಕ ನೂಲಿನ ಲಗಾಮು ಹೆಣೆದಳು. ಎಷ್ಟು ಬೇಗ ಹೋದರೂ ಕುದುರೆ ಮುಂದೆಯೇ ಇತ್ತು. ಕೊನೆಗೆ ಹುಡುಗ ಗಾಡಿ ನಿಲ್ಲಿಸಿ ಕೆಳಗೆ ಇಳಿದ. ಕುದುರೆಯೂ ನಿಂತಿತು. ಅಲ್ಲಿಗೆ ಬಂದಾಗ ಪುಟ್ಟ ಪಟ್ಟಿಯ ಕಡೆ ನೋಡಿ ಜೋರಾಗಿ ಕೂಗಿದ. 39ನೇ ಚೌಕ ಅಂಟಿಸುವುದು ಬಾಕಿ ಇತ್ತು. ಸ್ಟಿಕರ್ ಹುಡುಕುವ ಗಡಿಬಿಡಿಯಲ್ಲಿ ಕತೆ ಅಲ್ಲಿಗೇ ನಿಂತಿತು. ಹಾಗೇ ಕಳಿಸಿಬಿಟ್ಟೆವು.

ಮನೆಯ ಬೀದಿಗೆ ತಿರುಗುವಾಗ ಅಜ್ಜಿಯಿಂದ ಉತ್ತರ ಬಂತು. ಪುಟ್ಟ ಕೊನೆಯ ಸ್ಟಿಕರನ್ನು ಬೆರಳಿನ ಮೇಲೆ ಹಿಡಿದು ಕಾಯುತ್ತಿದ್ದ. ನಾನು ಫೋನ್ ಒತ್ತಿದೆ. ಮೊದಲು ಒಂದು ಕೆಮ್ಮು. ಆಮೇಲೆ ಅಜ್ಜಿಯ ದನಿ.

"ಆಮೇಲೆ?"